ಬೆಳ್ಳಿನೀರೂ ವೈದ್ಯನ ಕೈಗುಣವೂ

“ಗುರುಗಳೇ, ಮೊದಲು ಬಂದವನಿಗಿಂತ ಆಮೇಲೆ ಬಂದವಳು ಹೇಗೆ ದೊಡ್ಡವಳಾದಳು?”

ಪದ್ಮರಾಜ ಈ ಪ್ರಶ್ನೆ ಕೇಳಿದ್ದು ಪ್ರಯೋಗಾಲಯದ ಹೊರಗಿನ ಕಲ್ಲುಬೆಂಚಿನಲ್ಲಿ, ಕೈಯಲ್ಲಿದ್ದ ಕಾಫಿ ಪೂರ್ತಿ ಆರಿದ ಮೇಲೆ. ಗುರು ನೇಮಿರಾಜಯ್ಯನವರು ನಲವತ್ತು ವರ್ಷ ರೋಗದ ಕ್ರಿಮಿಗಳನ್ನು ಸಾಕಿ, ಕೊಂದು, ಮತ್ತೆ ಸಾಕಿ ಹಣ್ಣಾದವರು. ಪದ್ಮರಾಜ ಆರು ವರ್ಷದಿಂದ ಅವರ ಶಿಷ್ಯ. ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ಅವನು ಔಷಧಿ ತೆಗೆದಿದ್ದ. ಮೊದಮೊದಲು ಅದು ಸುಟ್ಟಗಾಯದ ಕ್ರಿಮಿಗಳನ್ನು ಕೊಂದಿತು. ಬರಬರುತ್ತಾ ಕ್ರಿಮಿಗಳು ಅದಕ್ಕೆ ಒಗ್ಗಿಕೊಂಡವು.

ಕಳೆದ ವರ್ಷ ಸೇರಿದ ಅನಸೂಯ ಬೆಳ್ಳಿಯಿಂದ ನ್ಯಾನೋ ಕಣಗಳನ್ನು ಮಾಡಿದಳು. ಕೂದಲೆಳೆಯನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೂ ಒಂದೊಂದು ಸೀಳು ಆ ಕಣಕ್ಕಿಂತ ದಪ್ಪವೇ. ಯಾವ ಔಷಧಿಗೂ ಜಗ್ಗದ ಕ್ರಿಮಿಗಳು ಆ ಬೆಳ್ಳಿಯ ಮುಂದೆ ತತ್ತರಿಸಿದವು. ಎಲ್ಲರ ಬಾಯಲ್ಲೂ ಅವಳ ಹೆಸರೇ. “ಪದ್ಮಣ್ಣ, ನಿಮ್ಮ ಔಷಧಿ ಸ್ವಲ್ಪ ಕೊಡಿ, ನನ್ನ ಬೆಳ್ಳಿ ಜೊತೆ ಸೇರಿಸಿ ನೋಡೋಣ” ಎಂದು ಅವಳು ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನು “ಆಯ್ತು, ಕೊಡ್ತೀನಿ” ಎಂದು ಹೇಳಿ ಕೊಟ್ಟಿರಲಿಲ್ಲ. ಆ ಕ್ರಿಮಿಗಳು ಬಂದದ್ದು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಿಂದ. ಅಲ್ಲಿ ಮಲಗಿರುವವರಿಗೆ ಕೊಡಲು ಬೇರೇನೂ ಉಳಿದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಹೆಸರು ಕಿವಿಗೆ ಬಿದ್ದರೆ ಸಾಕು, ಅವನಿಗೆ ಅನ್ನ ಸೇರುತ್ತಿರಲಿಲ್ಲ.

ನೇಮಿರಾಜಯ್ಯನವರು ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಊರಿನವರು ಮೂಗು ಮುಚ್ಚಿಕೊಂಡು ಎಸೆಯುವ ಬೂಷ್ಟನ್ನು ಅವನು ಮಡಕೆಗಳಲ್ಲಿ ಬೆಳೆಸುತ್ತಿದ್ದ. ಅದನ್ನು ಅರೆದು ಮುಲಾಮು ಮಾಡುತ್ತಿದ್ದ. ಒಂಬತ್ತು ದಿನ ಬಿಡದೆ ಹಚ್ಚಿದರೆ ಎಂಥ ಕೀವಿನ ಗಾಯವೂ ಒಣಗುತ್ತಿತ್ತು. ಆದರೆ ಊರಿನವರು ಮುಲಾಮನ್ನು ಹೊಗಳುತ್ತಿರಲಿಲ್ಲ. “ವೈದ್ಯರ ಕೈಗುಣ” ಎನ್ನುತ್ತಿದ್ದರು. ಔಷಧಿಯನ್ನು ಯಾರು ಬೇಕಾದರೂ ಅರೆಯಬಹುದು, ಕೈಗುಣ ಮಾತ್ರ ಒಬ್ಬರಿಗೇ ಒಲಿಯುತ್ತದೆ ಎಂದು ಜನ ನಂಬಿದ್ದರು. ಜನರಿಗಿಂತ ಹೆಚ್ಚಾಗಿ ವೈದ್ಯ ನಂಬಿದ್ದ.

ಕ್ರಮೇಣ ಜನ ಸೋಮಾರಿಗಳಾದರು. ನೋವು ನಿಂತಿತೆಂದು ಮೂರನೆಯ ದಿನಕ್ಕೇ ಮುಲಾಮು ಬಿಟ್ಟರು. ವೈದ್ಯ ಗದರಬೇಕಿತ್ತು, ಗದರಲಿಲ್ಲ. ನಮ್ಮ ವೈದ್ಯರು ಮುಟ್ಟಿದರೆ ಮೂರೇ ದಿನ ಸಾಕು ಎಂದು ಊರು ಮಾತಾಡಿಕೊಳ್ಳುವುದು ಅವನಿಗೆ ಹಿತವಾಗಿತ್ತು. ಸಾಯದೆ ಉಳಿದ ಕ್ರಿಮಿಗಳು ಮುಲಾಮಿನ ಗುರುತು ಹಿಡಿದವು. ಅದು ಒಳಗೆ ಬಾರದಂತೆ ಮೈಯ ಗೋಡೆಯನ್ನು ಬಿಗಿ ಮಾಡಿಕೊಂಡವು.

ಅದೇ ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಅವನು ಬೆಳ್ಳಿಯನ್ನು ಎಷ್ಟು ನುಣ್ಣಗೆ ಮಾಡಿದ್ದನೆಂದರೆ ಅದು ಹೊಳಪು ಕಳೆದುಕೊಂಡು ನೀರಿನಲ್ಲಿ ತಿಳಿಹಳದಿಯಾಗಿ ತೇಲುತ್ತಿತ್ತು. ಕುಲುಮೆಯಲ್ಲಿ ಕೈ ಸುಟ್ಟಾಗ ಆ ನೀರಿನಲ್ಲಿ ಅದ್ದುತ್ತಿದ್ದ. ಗಾಯ ಕೀವಾಗುತ್ತಿರಲಿಲ್ಲ. ಒಮ್ಮೆ ಒಬ್ಬ ರೈತ, ಮುಲಾಮಿಗೆ ಬಗ್ಗದ ಗಾಯ ಹೊತ್ತುಕೊಂಡು ಅವನಲ್ಲಿಗೆ ಬಂದ. ಅಕ್ಕಸಾಲಿಗ ಬಟ್ಟೆಯನ್ನು ಬೆಳ್ಳಿನೀರಿನಲ್ಲಿ ಅದ್ದಿ ಕಟ್ಟಿದ. ಐದನೆಯ ದಿನ ರೈತ ಹೊಲಕ್ಕೆ ನಡೆದುಕೊಂಡು ಹೋದ.

“ಅಕ್ಕಸಾಲಿಗನ ಕೈಗುಣ ನೋಡಿದಿರಾ” ಎಂದಿತು ಊರು.

ಬೆಳ್ಳಿ ಒಳ್ಳೆಯದು ಎಂದಿದ್ದರೆ ವೈದ್ಯ ಹೇಗೋ ಸಹಿಸುತ್ತಿದ್ದ. ಆ ಒಂದು ಮಾತು ಮಾತ್ರ ಅವನದಾಗಿತ್ತು. ಅದನ್ನು ತನ್ನ ಬಾಗಿಲಿನ ಮುಂದೆಯೇ ಇನ್ನೊಬ್ಬನಿಗೆ ಕೊಟ್ಟರಲ್ಲ ಎಂದು ಅವನ ಹೊಟ್ಟೆ ಧಗಧಗ ಉರಿಯಿತು. ಮಜ್ಜಿಗೆ ಕುಡಿದ, ಎಳನೀರು ಕುಡಿದ. ಅದು ಅಂಥ ಉರಿಯಲ್ಲ ಎಂದು ವೈದ್ಯನಿಗೇ ಹೊಳೆಯಲಿಲ್ಲ. ಅಂದಿನಿಂದ ಅವನಿಗೆ ರೋಗಿಗಳ ಗಾಯ ಕಾಣಲಿಲ್ಲ. ಗಾಯಕ್ಕೆ ಯಾರ ಬಟ್ಟೆ ಕಟ್ಟಿದೆ ಎಂಬುದಷ್ಟೇ ಕಂಡಿತು.

ಇಲ್ಲಿಗೆ ಬಂದಾಗ ಪದ್ಮರಾಜ ತಲೆಯಾಡಿಸಿದ. ಅವನಿಗೆ ವೈದ್ಯನ ಮೇಲೆ ಮರುಕ ಹುಟ್ಟಿತ್ತು. ಮೊದಲಿನಿಂದ ದುಡಿದವನು ಅವನಲ್ಲವೇ ಎನ್ನಿಸಿತು. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಹೀಗಿರುವಾಗ ಒಬ್ಬ ಕುಂಬಾರ ಕೆರೆಯಲ್ಲಿ ಮಣ್ಣು ಅಗೆಯುತ್ತಾ ಕಾಲಿಗೆ ಗುದ್ದಲಿ ಹಾಕಿಕೊಂಡ. ಗಾಯ ಕೊಳೆಯಿತು. ಮುಲಾಮು ನಾಟಲಿಲ್ಲ. ಬೆಳ್ಳಿನೀರು ಒಂದಿಷ್ಟು ತಡೆಯಿತು, ಪೂರ್ತಿ ತಡೆಯಲಿಲ್ಲ. ಹೆಚ್ಚು ಹಾಕಿದರೆ ಒಳ್ಳೆಯ ಮಾಂಸವೂ ಸಾಯುತ್ತದೆಂದು ಅಕ್ಕಸಾಲಿಗನಿಗೆ ಗೊತ್ತಿತ್ತು. ಅವನು ಸಂಕೋಚ ಬಿಟ್ಟು ವೈದ್ಯನ ಮನೆಗೆ ಬಂದ.

“ಸ್ವಾಮಿ, ನನ್ನ ಬೆಳ್ಳಿ ಆ ಕ್ರಿಮಿಗಳ ಗೋಡೆಗೆ ಕಿಂಡಿ ಕೊರೀತದೆ, ಅಷ್ಟೇ. ಒಳಗೆ ಹೋಗಿ ಕೊಲ್ಲೋ ಶಕ್ತಿ ಇರೋದು ನಿಮ್ಮ ಮುಲಾಮಿಗೆ. ಎರಡೂ ಸೇರಿಸಿದರೆ ಕುಂಬಾರ ಉಳೀತಾನೆ.”

“ಅದಕ್ಕೇನಂತೆ, ತಗೊಂಡು ಹೋಗು” ಎಂದ ವೈದ್ಯ. ನಗುನಗುತ್ತಲೇ ಒಳಗೆ ಹೋದ. ಹಳೆಯ ಮುಲಾಮಿಗೆ ಬರೀ ಎಣ್ಣೆ ಬೆರೆಸಿ ತೆಳ್ಳಗೆ ಮಾಡಿ, ಮೇಲೆ ಅರಿಶಿನ ಹಾಕಿ ಬಣ್ಣ ಕೂಡಿಸಿ ಕೊಟ್ಟ. ಅದರಲ್ಲಿ ಕ್ರಿಮಿಗಳನ್ನು ಕೊಲ್ಲುವಷ್ಟು ಮದ್ದು ಇರಲಿಲ್ಲ, ಅವುಗಳಿಗೆ ಎದುರು ನಿಲ್ಲಲು ಕಲಿಸುವಷ್ಟು ಇತ್ತು.

ವೈದ್ಯ ಕೆಟ್ಟವನಲ್ಲ. ಕುಂಬಾರ ಸಾಯಲಿ ಎಂದು ಅವನು ಬಯಸಲಿಲ್ಲ. ಬೆಳ್ಳಿ ಒಮ್ಮೆ ಸೋಲಲಿ, ಊರು ನೋಡಲಿ, ನಾಲ್ಕನೆಯ ದಿನ ತಾನೇ ಒಳ್ಳೆಯ ಮುಲಾಮು ಹಿಡಿದುಕೊಂಡು ಹೋಗಿ ಉಳಿಸಿದರಾಯಿತು ಎಂದುಕೊಂಡಿದ್ದ. ಹೊಟ್ಟೆಕಿಚ್ಚು ಯಾವಾಗಲೂ ಹೀಗೆ ಒಂದು ಒಳ್ಳೆಯ ಕೆಲಸವನ್ನು ನಾಲ್ಕು ದಿನ ಮುಂದಕ್ಕೆ ಹಾಕಿಸುತ್ತದೆ.

ನಾಲ್ಕನೆಯ ದಿನ ವೈದ್ಯ ಹೊಸ ಮುಲಾಮು ತೆಗೆದುಕೊಂಡು ಹೋದ. ಅಕ್ಕಸಾಲಿಗ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದ. ವೈದ್ಯ ಮುಲಾಮು ಹಚ್ಚಿದ. ಬೆಳ್ಳಿನೀರನ್ನೂ ತಾನೇ ಕೇಳಿ ಪಡೆದು ಅದರ ಮೇಲೆ ಹಾಕಿದ. ಆಗ ಅವನಿಗೆ ಯಾರ ಹೆಸರೂ ಬೇಕಿರಲಿಲ್ಲ. ಆದರೆ ಕ್ರಿಮಿಗಳು ನಾಲ್ಕು ದಿನ ಎರಡನ್ನೂ ಇಷ್ಟಿಷ್ಟೇ ರುಚಿ ನೋಡಿ ಎರಡಕ್ಕೂ ಒಗ್ಗಿಕೊಂಡಿದ್ದವು. ಕುಂಬಾರನ ತೊಡೆಯವರೆಗೆ ಬಾವು ಏರಿತು. ಆರನೆಯ ದಿನ ಅವನು ತೀರಿಕೊಂಡ.

ಕುಂಬಾರನ ಹೆಂಡತಿ ವೈದ್ಯನ ಕಾಲಿನ ಬಳಿ ಕುಳಿತು ಅತ್ತಳು. “ನಿಮ್ಮನ್ನ ಮೊದಲೇ ಕರೆಸಿದ್ದರೆ ಉಳೀತಿದ್ದರು ಸ್ವಾಮಿ. ನಿಮ್ಮ ಕೈಗುಣ ಎಲ್ಲಿ, ಆ ಅಕ್ಕಸಾಲಿಗನ ಕೈ ಎಲ್ಲಿ” ಎಂದಳು.

ಕಳೆದುಹೋಗಿದ್ದ ಮಾತು ವೈದ್ಯನಿಗೆ ಮರಳಿ ಸಿಕ್ಕಿತು. ಊರೆಲ್ಲ ಕೇಳುವಂತೆ ಸಿಕ್ಕಿತು. ಅವನು ತನ್ನ ಎರಡೂ ಕೈಗಳನ್ನು ಹೆಗಲವಸ್ತ್ರದೊಳಗೆ ಮುಚ್ಚಿಕೊಂಡು ಮನೆಗೆ ಬಂದ. ನಾನೇ ಮುಲಾಮನ್ನು ತೆಳ್ಳಗೆ ಮಾಡಿ ಕೊಟ್ಟೆ ಎಂದು ಹೇಳಬೇಕೆಂದು ಬಾಗಿಲವರೆಗೆ ಹೋಗುತ್ತಿದ್ದ, ಮತ್ತೆ ಒಳಗೆ ಬರುತ್ತಿದ್ದ. ಅಕ್ಕಸಾಲಿಗ ತನ್ನ ಬೆಳ್ಳಿಯಿಂದಲೇ ಜೀವ ಹೋಯಿತೆಂದು ತಿಳಿದು ಬೆಳ್ಳಿನೀರಿನ ಗಡಿಗೆಯನ್ನು ತಿಪ್ಪೆಗೆ ಚೆಲ್ಲಿದ. ತಿಂಗಳೊಳಗೆ ಅದೇ ಕ್ರಿಮಿಗಳು ಹರಡಿ ಕಮ್ಮಾರನ ಗಾಯ ಕೊಳೆಯಿತು, ನೇಕಾರನ ಗಾಯ ಕೊಳೆಯಿತು, ಹೆರಿಗೆಯಾದ ಒಬ್ಬ ಹೆಂಗಸಿಗೆ ಜ್ವರ ಏರಿತು. ಎಲ್ಲರೂ ವೈದ್ಯನ ಬಾಗಿಲಿಗೇ ಬಂದರು. ಅವನ ಕೈಗುಣವನ್ನು ನಂಬಿ ಬಂದರು. ಅವನ ಬಳಿ ಕೊಡಲು ಏನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿ, ತಮ್ಮ ಲೋಟದಲ್ಲಿ ಉಳಿದ ಕಾಫಿಯನ್ನು ಗಿಡದ ಬುಡಕ್ಕೆ ಸುರಿದರು.

ಪದ್ಮರಾಜನ ಹೊಟ್ಟೆಯೊಳಗಿನ ಉರಿ ಇನ್ನೂ ಪೂರ್ತಿ ಆರಿರಲಿಲ್ಲ. ಅದೇ ಅವನ ಬಾಯಿಂದ ಮಾತು ಹೊರಡಿಸಿತು.

“ಅದೆಲ್ಲ ಸರಿ ಗುರುಗಳೇ. ಕೊನೆಗೆ ಅವರಿಬ್ಬರಲ್ಲಿ ದೊಡ್ಡವನು ಯಾರು?”

“ಕ್ರಿಮಿ ಕಣಪ್ಪಾ” ಎಂದರು ನೇಮಿರಾಜಯ್ಯನವರು, “ಮದ್ದನ್ನು ಗೆಲ್ಲುವ ವಿದ್ಯೆ ಒಂದಕ್ಕೆ ಸಿಕ್ಕರೆ ಅದು ಪಕ್ಕದ್ದಕ್ಕೂ ಕೊಟ್ಟುಬಿಡುತ್ತದೆ.”