ಪರಪಂಕ್ತಿ ಮಾಡಿದ ಚಿಕ್ಕಮ್ಮ

ಅಣ್ಣನಿಗೆ ಗಟ್ಟಿ ಮೊಸರು, ನಂಗೆ ಮಾತ್ರ ಮೆಣಸಿನ ಸಾರು ಅಂತ ಮುಖ ಊದಿಸ್ಕೊಂಡು ಮಲಗಿದ್ದೀಯಲ್ಲ, ಬಾ ಇಲ್ಲಿ, ಕಾಲು ನನ್ನ ಮಡಿಲಿಗೆ ಚಾಚು. ಮೂಗು ಸೊರಸೊರ ಅಂತಿದೆ, ಆದ್ರೂ ಮೊಸರೇ ಬೇಕು ನಿಂಗೆ. ಒಂದು ಕತೆ ಹೇಳ್ತೀನಿ, ಹೂಂಗುಟ್ಟೋದು ಮರೀಬೇಡ.

ಒಂದಾನೊಂದು ಕಾಲದಲ್ಲಿ, ಈ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಬರೋ ಮುಂಚೆ, ಒಂದೂರಲ್ಲಿ ಮಾದಯ್ಯ ಅಂತ ಒಬ್ಬ ಇದ್ದನಂತೆ. ಎತ್ತಿನ ಗಾಡೀಲಿ ಘಟ್ಟದ ಕೆಳಗಿಂದ ಉಪ್ಪು ತಂದು ಮಾರೋನು, ಹೋದ್ರೆ ಎರಡು ತಿಂಗಳು ಮನೆ ಕಡೆ ತಲೆ ಹಾಕೋನಲ್ಲ. ಅವನಿಗೆ ಮೂರು ಮಕ್ಕಳು, ದೊಡ್ಡವನು ಜವರ, ನಡುವಿನವಳು ಕೆಂಪಿ, ಕಿರಿಯವನು ಮಾಯಿಗ. ಹೆತ್ತ ತಾಯಿ ತೀರಿಹೋಗಿದ್ದಳು, ಅದಕ್ಕೆ ಬೋರಮ್ಮ ಅನ್ನೋಳನ್ನ ಎರಡನೇ ಮದುವೆ ಆದನಂತೆ. ಮದುವೆ ಚಪ್ಪರದಲ್ಲೇ ಮಾದಯ್ಯನ ಅಕ್ಕ ಹೊಂಬಾಳಮ್ಮ ಹೇಳಿಬಿಟ್ಟಳಂತೆ, ನೋಡಮ್ಮ, ನನ್ನ ತಮ್ಮನ ಮಕ್ಕಳು ಒಂದು ಗುಲಗಂಜಿಯಷ್ಟು ಸೊರಗಿದ್ರೂ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ಮತ್ತೆ ಕಳಿಸೋಳಲ್ಲ ಅಂತ.

ಬೋರಮ್ಮನಿಗೆ ತೌರು ಅಂತ ಏನೂ ಇರಲಿಲ್ಲ. ಮೂರು ಮಕ್ಕಳು ಚಿಕ್ಕಮ್ಮ ಅಂತ ಸೆರಗು ಹಿಡಿದ ದಿನವೇ ಅವಳಿಗೆ ಲೋಕದಲ್ಲಿ ನಮ್ಮೋರು ಅಂತ ಸಿಕ್ಕಿದ್ದು. ಇವರನ್ನ ಕಳ್ಕೊಂಡ್ರೆ ನಾನಿಲ್ಲ ಅಂತ ಅವಳಿಗೆ ಒಳಗೊಳಗೇ ಭಯ. ಮಲತಾಯಿ ಪರಪಂಕ್ತಿ ಮಾಡಿದಳು, ಒಂದೇ ಸಾಲಲ್ಲಿ ಕೂತ ಮಕ್ಕಳಿಗೆ ಭೇದ ಮಾಡಿ ಬಡಿಸಿದಳು ಅಂತ ಯಾರೂ ಬೆರಳು ತೋರಿಸಬಾರದು ಅಂತ, ಮುದ್ದೆ ಕಟ್ಟಿದ್ರೆ ಮೂರೂ ಒಂದೇ ಗಾತ್ರ, ಅವರೆಕಾಳು ಸಾರು ಒಂದೊಂದೇ ಸೌಟು, ಮೆಣಸಿನಕಾಯಿ ಚಟ್ನಿ ಒಂದೊಂದೇ ಉಂಡೆ, ಮೊಸರು ಒಂದೊಂದೇ ಬಟ್ಟಲು. ಪಾಪ, ಬಡಿಸುವಾಗ ತಟ್ಟೆ ನೋಡೋಳೇ ಹೊರತು ಮಕ್ಕಳ ಮುಖ ನೋಡ್ತಿರಲಿಲ್ಲವಂತೆ.

ಆಮೇಲೆ ಏನಾಯ್ತು ಅಂದ್ರೆ, ತಿಂಗಳು ತುಂಬೋದ್ರೊಳಗೆ ಮೂರೂ ಮಕ್ಕಳು ಹಾಸಿಗೆ ಹಿಡಿದವಂತೆ. ಜವರನಿಗೆ ಹೊಟ್ಟೆ ಉಬ್ಬರ, ನಿದ್ದೆಯಿಲ್ಲ. ಕೆಂಪಿಗೆ ಬಾಯಿ ತುಂಬ ಹುಣ್ಣು, ಕಣ್ಣುರಿ, ಮಾತಾಡಿಸಿದ್ರೆ ಸಿಡುಕು. ಮಾಯಿಗನಿಗೆ ಎದೆ ತುಂಬ ಕಫ, ಉಸಿರಾಡಿದ್ರೆ ಗೊರಗೊರ ಸದ್ದು. ಬೋರಮ್ಮ ಅಳ್ತಾ ಅಳ್ತಾ ಆ ಮಕ್ಕಳ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಚೆಲುವಜ್ಜಿ ಹತ್ರ ಓಡಿದಳಂತೆ. ನಾನು ಒಂದಗುಳೂ ಹೆಚ್ಚುಕಮ್ಮಿ ಮಾಡಿಲ್ಲ ಕಣಜ್ಜಿ, ಆದ್ರೂ ಹೀಗಾಯ್ತಲ್ಲ ಅಂದಳಂತೆ. ಅಜ್ಜಿಗೆ ನಗುವೇ ಬಂತಂತೆ.

"ಮರಳು ಹೊಲ, ಕೆಂಪು ಹೊಲ, ಎರೆ ಹೊಲ, ಮೂರಕ್ಕೂ ಒಂದೇ ಬಿತ್ತನೆ ಮಾಡ್ತಾರೇನೇ ಹುಚ್ಚಿ? ಒಂದು ಮೈಯಲ್ಲಿ ವಾಯು ಜಾಸ್ತಿ, ಒಂದರಲ್ಲಿ ಪಿತ್ತ, ಇನ್ನೊಂದರಲ್ಲಿ ಕಫ. ಯಾವ ಮಗು ಯಾವುದು ಅಂತ ನನ್ನ ಕೇಳಬೇಡ. ಮೂರು ದಿನ, ಅವು ಏಳೋ ಮುಂಚೆ ಅಂಗಾಲು ಮುಟ್ಟಿ ನೋಡು."

ಸರಿ, ಮೊದಲನೇ ದಿನ ಜವರನ ಅಂಗಾಲು ಮುಟ್ಟಿದಳಂತೆ. ತಣ್ಣಗೆ, ಒಣಗಿ ಬಿರುಕು ಬಿಟ್ಟಿತ್ತು. ಅವನಿಗೆ ಎಚ್ಚರವಿದ್ರೂ ಆ ಕೈ ತೆಗೆದುಬಿಟ್ಟಾಳು ಅಂತ ಕಣ್ಣು ಮುಚ್ಕೊಂಡೇ ಇದ್ದನಂತೆ, ಕಳ್ಳ. ಎರಡನೇ ದಿನ ಕೆಂಪಿಯದು, ಒಲೆ ಪಕ್ಕದ ಕಲ್ಲಿನ ಹಾಗೆ ಬಿಸಿ, ಹೊದಿಕೆಯನ್ನೆಲ್ಲ ಒದ್ದುಬಿಟ್ಟಿದ್ದಳು. ಮೂರನೇ ದಿನ ಮಾಯಿಗನದು, ಮೆತ್ತಗೆ, ತಣ್ಣಗೆ, ಬೆವರಿ ತೇವ ತೇವ, ಕಾಲು ಎತ್ತಿ ಮಡಿಲಿಗೆ ಹಾಕ್ಕೊಂಡ್ರೂ ಅವನಿಗೆ ಎಚ್ಚರವೇ ಇಲ್ಲ. ಇಷ್ಟು ದಿನ ಮೂರು ತಟ್ಟೆ ಸಾಕಿದೆನೇ ಹೊರತು ಮೂರು ಮಕ್ಕಳನ್ನಲ್ಲ ಅಂತ ಅವಳಿಗೆ ಆಗ ಗೊತ್ತಾಯ್ತಂತೆ.

ಆವತ್ತಿಂದ ಜವರನಿಗೆ ಬಿಸಿ ಅನ್ನ, ಮೇಲೆ ತುಪ್ಪ, ಕೈಗೊಂದು ಎಳ್ಳುಂಡೆ. ಕೆಂಪಿಗೆ ಹೆಸರುಬೇಳೆ ತೊವ್ವೆ, ಸೋರೆಕಾಯಿ ಪಲ್ಯ, ಕೊತ್ತಂಬರಿ ಬೀಜ ನೆನೆಸಿದ ತಣ್ಣೀರು. ಮಾಯಿಗನಿಗೆ ಸಣ್ಣ ಮುದ್ದೆ, ಮೆಣಸು ಹಾಕಿದ ಹುರುಳಿಕಟ್ಟಿನ ಸಾರು, ಕೊನೆಗೆ ನೆಕ್ಕೋಕೆ ಒಂದು ಬೆರಳು ಜೇನು. ಮಕ್ಕಳೇನೋ ಚೇತರಿಸ್ಕೊಂಡವು, ಆದ್ರೆ ಊರ ಬಾಯಿಗೆ ಮುಚ್ಚಳ ಉಂಟಾ? ನೋಡಿದ್ರಾ, ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ, ದೊಡ್ಡವನಿಗೆ ತುಪ್ಪವಂತೆ, ಚಿಕ್ಕವನಿಗೆ ಹುರುಳಿಯಂತೆ ಅಂತ ಬಾವಿಕಟ್ಟೆ ಮಾತು ಹೊಂಬಾಳಮ್ಮನ ಕಿವಿಗೂ ಬಿತ್ತಂತೆ. ಅವಳು ಗಾಡಿ ಕಟ್ಟಿಸ್ಕೊಂಡು ಬಂದೇಬಿಟ್ಟಳು, ಮಕ್ಕಳ ಬಟ್ಟೆ ತುಂಬೋಕೆ ಗಂಟುಬಟ್ಟೆಯನ್ನೂ ತಂದಿದ್ದಳಂತೆ.

ಬೋರಮ್ಮ ಮಕ್ಕಳನ್ನ ಊಟಕ್ಕೆ ಕೂರಿಸಿದಳು. ಇವತ್ತೊಂದು ಹೊತ್ತು ಸಮಸಮ ಬಡಿಸಿಬಿಟ್ರೆ ಮಕ್ಕಳು ನನ್ನ ಹತ್ರವೇ ಉಳೀತಾವೆ ಅಂತ ಮೊಸರಿನ ಬಟ್ಟಲು ಕೈಗೆತ್ತಿಕೊಂಡಳಂತೆ. ಆದ್ರೆ ಮಾಯಿಗನ ಎದೆ ಸದ್ದು ನಿಂತು ಇನ್ನೂ ನಾಲ್ಕು ದಿನ ಆಗಿತ್ತು ಅಷ್ಟೆ. ಹೋದ್ರೆ ಹೋಗಲಿ, ಎಲ್ಲಿದ್ರೂ ಚೆನ್ನಾಗಿ ಉಸಿರಾಡಲಿ ಅಂತ ಬಟ್ಟಲು ಕೆಳಗಿಟ್ಟು, ಅತ್ತಿಗೆಯ ಕಣ್ಣೆದುರೇ ಒಬ್ಬೊಬ್ಬರಿಗೆ ಒಂದೊಂದು ಥರ ಬಡಿಸಿದಳಂತೆ.

ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯ್ತು. ಸರಿ ನೀನು ಆ ಕಡೆಗೆ ಅಂತ ಅವಳನ್ನ ಬಾಗಿಲಿಗೆ ನಿಲ್ಲಿಸಿ, ಆ ತಟ್ಟೆ ತೆಗೆದು ಬೇರೆ ತಟ್ಟೆ ಇಟ್ಟು, ತಾನು ಬುತ್ತಿ ಕಟ್ಟಿ ತಂದಿದ್ದ ಅವರೆಕಾಳು, ಖಾರದ ಚಟ್ನಿ, ಮೊಸರನ್ನ ಮೂವರಿಗೂ ಸಮ ಬಡಿಸಿ, ನೀರು ತರೋಕೆ ಒಳಗೆ ಹೋದಳಂತೆ. ಚೊಂಬು ಹಿಡಿದು ಬಂದು ನೋಡ್ತಾಳೆ, ಜವರನ ಅವರೆಕಾಳು, ಕೆಂಪಿಯ ಚಟ್ನಿ ಎಲ್ಲ ಮಾಯಿಗನ ತಟ್ಟೇಲಿ. ಮಾಯಿಗನ ಮೊಸರು ಅಣ್ಣ ಅಕ್ಕನ ತಟ್ಟೇಲಿ. ಬಾಯಲ್ಲಿ ನೀರೂರಿದ್ರೂ ಅವನೇ ಕೈಯಾರೆ ತೆಗೆದು ಹಾಕಿದ್ದನಂತೆ, ನೀನೂ ಕೇಳಿಸ್ಕೋ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಅಂತ ಅತ್ತೆ ಗದರಿದ್ದಕ್ಕೆ ಕೆಂಪಿ ಹೇಳಿದಳಂತೆ,

"ಯಾರೂ ಹೇಳಿಕೊಟ್ಟಿಲ್ಲ ಅತ್ತೆ. ಅವರೆ ತಿಂದ್ರೆ ಅಣ್ಣಂಗೆ ಹೊಟ್ಟೆ ನೋಯುತ್ತೆ. ಅವನು ನರಳ್ತಿದ್ರೆ ನಂಗೆ ಊಟ ಸೇರಲ್ಲ."

ಹೊಂಬಾಳಮ್ಮ ಕೂತೇಬಿಟ್ಟಳಂತೆ. ಬಾಗಿಲಲ್ಲಿ ಕಣ್ಣೊರೆಸ್ತಾ ನಿಂತಿದ್ದವಳನ್ನ ಕರೆದು, ಪಕ್ಕದಲ್ಲಿ ಕೂರಿಸ್ಕೊಂಡು, ಅವಳ ಸೊರಗಿದ ಕೈ ಹಿಡಿದು, ಅಲ್ಲ ಕಣೇ, ನಿಂಗೇನು ಒಗ್ಗುತ್ತೆ ಅಂತ ಕೇಳಿದಳಂತೆ. ಬೋರಮ್ಮ ಅಂದಳಂತೆ,

"ಗೊತ್ತಿಲ್ಲ ಅತ್ತಿಗೆ, ಇವತ್ತಿನವರೆಗೂ ಯಾರೂ ಕೇಳಿರಲಿಲ್ಲ."

ಗಂಟುಬಟ್ಟೆ ಬಂದ ಹಾಗೇ ಖಾಲಿ ವಾಪಸ್ ಹೋಯ್ತಂತೆ. ಆಮೇಲೆ ಮಾರನೇ ದಿನ, ಇನ್ನೂ ಕೋಳಿ ಕೂಗಿಲ್ಲ, ಬೋರಮ್ಮನಿಗೆ ಅಂಗಾಲಲ್ಲಿ ಏನೋ ಕಚಗುಳಿ ಇಟ್ಟ ಹಾಗಾಯ್ತಂತೆ. ನೋಡಿದ್ರೆ ಕಾಲ ಹತ್ರ ಮೂರು ಪುಟ್ಟ ತಲೆಗಳು. ತಣ್ಣಗಿದೆ ಅಂತ ಒಬ್ಬ, ಇಲ್ಲ ಬಿಸಿ ಅಂತ ಇನ್ನೊಬ್ಬಳು, ಮೆಲ್ಲಗೆ ಕಣ್ರೋ, ಅವ್ವಂಗೆ ಎಚ್ಚರ ಆಗುತ್ತೆ ಅಂತ ಜವರ. ಬೋರಮ್ಮ ಕಣ್ಣು ಬಿಡಲೇ ಇಲ್ಲವಂತೆ.

ಕತೆ ಅಲ್ಲಿ ಮುಗೀತು, ನಿನ್ನ ಹೂಂ ಇಲ್ಲಿ ನಿಂತೇಹೋಯ್ತು. ನೋಡು, ಅಂಗಾಲು ಎಷ್ಟು ತಣ್ಣಗಿದೆ. ಮಲಗು ನನ್ನ ಬಂಗಾರ, ಬಿಸಿ ಆಗೋವರೆಗೂ ಹಿಡ್ಕೊಂಡಿರ್ತೀನಿ.