ಇರುವೆಗೆ ಈಜು ಬಾರದು

ಹುಸೇನವ್ವನ ಗಾಡಿಯಲ್ಲಿ ಕಟ್ಟಳೆ ಇದ್ದದ್ದು ಒಂದೇ: ಅರಳೆ ತುಂಬಿದ ಗಾಡಿಯೊಳಗೆ ಸಿಹಿ ತಿನ್ನಕೂಡದು.

ಯಾಕೆ ಎಂದರೆ ಕಾರಣ ಉಂಟು. ಊರೂರು ತಿರುಗಿ ಗಾದಿ ಮಾಡಿಕೊಡುವವರ ಗಾಡಿ ಅದು. ಬೆಲ್ಲದ ಒಂದು ಹರಳು ಅರಳೆಯಲ್ಲಿ ಬಿದ್ದರೆ ಅದು ಯಾರದೋ ಗಾದಿಯೊಳಗೆ ಸೇರುತ್ತದೆ. ಅದರ ಹಿಂದೆ ಇರುವೆ ಸೇರುತ್ತದೆ. ರಾತ್ರಿಯೆಲ್ಲ ಇರುವೆ ಕಡಿಸಿಕೊಂಡವನು ಮರುವರ್ಷ ಗಾದಿ ಬಿಚ್ಚಿ ಅರಳೆ ಹಿಂಜಿಸಲು ಕರೆಯುವುದಿಲ್ಲ. ಅದಕ್ಕೇ ಹುಸೇನವ್ವನ ಗಂಡ ಲಾಲಸಾಬ ಕಟ್ಟಳೆ ಹಾಕಿದ. ಸಿಹಿ ತಿನ್ನುವುದಿದ್ದರೆ ಕೆಳಗಿಳಿ, ತಿನ್ನು, ಬಾಯಿ ಮುಕ್ಕಳಿಸು, ಕೈ ತೊಳೆ, ಎರಡೂ ಅಂಗೈ ತೋರಿಸು, ಆಮೇಲೆ ಹತ್ತು.

ಕಟ್ಟಳೆ ಹಾಕಿದ ಲಾಲಸಾಬನೇ ಅದನ್ನು ಮೊದಲು ಮುರಿದ. ಸಾಯುವ ತನಕ ಅವನ ಅಂಗಿಯ ಒಳಜೇಬಿನಲ್ಲಿ ಖರ್ಜೂರ ಇರುತ್ತಿತ್ತು. ಮಗಳು ಮಾಬೂಬಿ ಕಿಟಕಿಯ ಸಂದಿಯಲ್ಲಿ ಬತ್ತಾಸು ಬಚ್ಚಿಡುತ್ತಿದ್ದಳು. ಹುಸೇನವ್ವನೂ ಮುರಿದಳು, ಅದರ ಮಾತು ಮುಂದೆ ಬರುತ್ತದೆ. ಮುರಿಯದವನು ಮಗ ದಾವಲ ಒಬ್ಬನೇ. ಕಟ್ಟಳೆ ಮುರಿಯಲಿಕ್ಕೂ ಒಂದಿಷ್ಟು ಬುದ್ಧಿ ಬೇಕಲ್ಲ ಎಂದು ಮಂದಿ ನಗುತ್ತಿದ್ದರು.

ದಾವಲನಿಗೆ ಇಪ್ಪತ್ತೆರಡು ವರ್ಷ. ಗಾಡಿ ಓಡಿಸು ಎಂದರೆ ಓಡಿಸುತ್ತಾನೆ. ಬಿಲ್ಲು ಹಿಡಿದು ಅರಳೆ ಹಿಂಜು ಎಂದರೆ ಸಾಕು ಎನ್ನುವ ತನಕ ಹಿಂಜುತ್ತಾನೆ. ಸಾಕು ಎನ್ನುವುದನ್ನು ಹುಸೇನವ್ವ ಮರೆತರೆ ಊರೆಲ್ಲ ಅರಳೆ. ಹೇಳಿದಷ್ಟನ್ನೂ ಮಾಡುವ ಮಗ. ಹೇಳಿದಷ್ಟನ್ನೇ ಮಾಡುವ ಮಗ.

ಗಾಡಿ ಎಂದರೆ ಹಳೆಯದೊಂದು ಶಾಲೆಯ ಬಸ್ಸು. ಬೆಂಚು ಕಿತ್ತು ಹಲಗೆ ಹಾಕಿದ್ದರು. ಮುಂದೆ ಒಲೆ, ನಡುವೆ ಅರಳೆ, ಹಿಂದೆ ಮಲಗುವ ಜಾಗ. ಹಿಂದಿನ ಎಡಗಡೆಯ ಕಿಟಕಿ ಮಾಬೂಬಿಯದು. ಅವಳು ಮದುವೆಯಾಗಿ ಹೋಗಿ ಒಂದೂವರೆ ವರ್ಷವಾದರೂ ಆ ಹಲಗೆಯ ಮೇಲೆ ಹುಸೇನವ್ವ ಅರಳೆ ಇಟ್ಟಿರಲಿಲ್ಲ. ಹಾಸಿದ ಕೌದಿ ಹಾಸಿದ ಹಾಗೇ ಇತ್ತು. ದಾವಲ ಕೆಳಗೆ ನಿಂತು ಬೆಲ್ಲದ ತುಣುಕು ತಿಂದರೆ ಈಗಲೂ ಕೈ ತೊಳೆದು ಆ ಕಿಟಕಿಗೇ ಅಂಗೈ ತೋರಿಸುತ್ತಿದ್ದ. ಮೊದಲಾದರೆ ಒಳಗಿನಿಂದ "ಬಾ ತಮ್ಮಾ" ಎಂಬ ದನಿ ಬರುತ್ತಿತ್ತು. ಈಗ ಕಿಟಕಿ ಖಾಲಿ. ಅವನು ನಿಂತೇ ಇರುತ್ತಿದ್ದ. ಹುಸೇನವ್ವ ಹೊಲಿಗೆ ಬಿಟ್ಟು ಎದ್ದು, "ಬಾರೋ" ಎನ್ನಬೇಕಾಗುತ್ತಿತ್ತು.

ಮಾಬೂಬಿ ಬಸುರಾದಳು. ಚೊಚ್ಚಲು. ಬಾಣಂತನಕ್ಕೆ ತವರಿಗೆ ಬರಬೇಕು. ತವರು ಎಂದರೆ ಈ ಬಸ್ಸು.

ಐದು ತಿಂಗಳಾದಾಗ ಬೀಗಿತ್ತಿ ಖಾಸಿಂಬಿ ತವರು ನೋಡಲು ಬಂದಳು. ಕೂತಳು. ಕೂತ ಹಾಗೇ ಎದ್ದಳು. ಸೀರೆ ಕೊಡವಿದಳು. ನಾಲ್ಕು ಇರುವೆ ಉದುರಿದವು.

"ಮನಿಗೆ ಗಾಲಿ ಐತಿ ಅಂತ ನಾ ಏನೂ ಅನ್ನೂದಿಲ್ಲ, ಬೀಗಿತ್ತಿ. ಗಾಲಿ ಮ್ಯಾಲಿನ ಮನೀನೂ ಮನೀನ. ಆದ್ರ ಇರುವಿ ಹರದಾಡೋ ಕಡೆ ಹಸಗೂಸು ಮಲಗಸಾಕ ಆಗೂದಿಲ್ಲ. ಇರುವಿ ಹೋಗಲಿ, ಕರಕೊಂಡು ಬರತೀನಿ. ಒಂದ ಒಂದು ಕಂಡ್ರೂ ತಿರಗಿ ಕರಕೊಂಡು ಹೋಗತೀನಿ. ಮತ್ತ ವಿಷದ ಪುಡಿ ಗಿಡಿ ಹಾಕಬ್ಯಾಡ್ರಿ. ಕೂಸು ಬರೋ ಜಾಗ."

ಮಾತು ಕಡಕು, ಆದರೆ ನ್ಯಾಯದ್ದು. ಹುಸೇನವ್ವ ತಲೆಯಾಡಿಸಿದಳು.

ಆ ಸಂಜೆ ಮಾಬೂಬಿ ಫೋನು ಮಾಡಿದಳು. "ಅವ್ವಾ, ನನ್ನ ಕಿಟಕಿ ಹಂಗ ಐತೇನು?"

"ಹಂಗ ಐತಿ."

"ಇಲ್ಲಿ ಮನಿ ಅಲಗಾಡೂದ ಇಲ್ಲ ಅವ್ವಾ. ನನಗ ನಿದ್ದೀನ ಬರೂದಿಲ್ಲ."

ಹುಸೇನವ್ವ ಫೋನು ಇಟ್ಟು ಮಗನನ್ನು ಕರೆದಳು. "ದಾವಲಾ, ಇರುವಿ ಎಲ್ಲಿಂದ ಬರತಾವ ನೋಡು. ಅವು ಬರೋ ದಾರಿಗುಂಟ ಅರಿಷಿಣ ಹಾಕು. ಅರಿಷಿಣ ದಾಟೂದಿಲ್ಲ ಅವು."

"ಹೂಂ ಅವ್ವ, ಹಂಗ ಮಾಡತೀನಿ," ಎಂದ ದಾವಲ.

ನೋಡಿದ. ಇರುವೆಗಳು ಗಾಲಿಯ ಮೇಲಿಂದ ಬರುತ್ತಿದ್ದವು. ಗಾಲಿಗೆ ಎಲ್ಲಿಂದ? ಹುಣಸೆಮರದ ಬೇರಿನಿಂದ. ಬೇರಿಗೆ ಎಲ್ಲಿಂದ? ರಸ್ತೆಯ ಆಚೆಯಿಂದ. ದಾವಲ ಬಗ್ಗಿ ಬಗ್ಗಿ ಅರಿಷಿಣ ಉದುರಿಸುತ್ತ ನಡೆದ. ರಸ್ತೆ ದಾಟಿದ. ಹಿಟ್ಟಿನ ಗಿರಣಿ ಬಳಸಿದ. ಒಂದು ಗೋಡೆ ಹತ್ತಿದ, ಇಳಿದ. ಎದುರಿಗೆ ಯಾರದೋ ಹಿತ್ತಲು. ಹಿತ್ತಲಲ್ಲಿ ಬೆಲ್ಲದ ಗಡಿಗೆ. ಗಡಿಗೆಯ ಪಕ್ಕದಲ್ಲಿ ಮನೆಯ ಯಜಮಾನ.

"ಯಾರೋ ನೀನು? ನನ್ನ ಹಿತ್ತಲದಾಗ ಅರಿಷಿಣ ಯಾಕ ಹಾಕಾಕತ್ತೀ?"

"ನಮ್ಮ ಇರುವಿ ನಿಮ್ಮ ಮನಿಯಿಂದ ಬರತಾವರೀ."

"ಹಂಗಂದ್ರ ಅವು ನಿಮ್ಮ ಇರುವಿ ಹ್ಯಾಂಗಾದವೋ? ನಮ್ಮ ಇರುವೀನ ನಿಮ್ಮಲ್ಲಿಗೆ ಬಂದಾವ. ತಿರಗಿ ಕಳಸು."

ದಾವಲ ತಿರುಗಿ ಬಂದು ಅವ್ವನಿಗೆ ಆ ಮಾತು ಒಪ್ಪಿಸಿದ. ಹುಸೇನವ್ವ ಅರಿಷಿಣದ ಡಬ್ಬಿ ನೋಡಿದಳು. ತಳ ಕಾಣುತ್ತಿತ್ತು. ಬಾಣಂತಿಯ ಮೈಗೆ ಹಚ್ಚಲೆಂದು ಬೇರು ತಂದು, ಒಣಗಿಸಿ, ಕುಟ್ಟಿ ಇಟ್ಟ ಅರಿಷಿಣ.

"ಎಲಾ ಮಬ್ಬ, ಊರು ಸುತ್ತು ಅಂದ್ನೇನು ನಿನಗ? ಹೊರಗ ಹೋಗೂದ ಬ್ಯಾಡ. ಬಾಗಲದಾಗ ಕೂಡು. ಸಬಕಾರದ ನೀರು ಇಟಗೋ. ಬಂದದ್ದನ್ನ ಬಂದಂಗ ಒರಸು. ಒಂದನ್ನೂ ಬಿಡಬ್ಯಾಡ."

"ಹೂಂ ಅವ್ವ, ಹಂಗ ಮಾಡತೀನಿ."

ಮಾಬೂಬಿಗೆ ಏಳು ತುಂಬುವ ಹೊತ್ತಿಗೆ ಬಸ್ಸು ಬೇರೆ ಊರಿಗೆ ಬಂದಿತ್ತು. ಇರುವೆಗಳೂ ಬಸ್ಸಿನಲ್ಲೇ ಬಂದಿದ್ದವು. ದಾವಲ ಬಾಗಿಲ ಮೆಟ್ಟಿಲಲ್ಲಿ ಕೂತಿದ್ದ, ಬಕೆಟ್ಟಿನಲ್ಲಿ ಸಾಬೂನಿನ ನೀರು, ಕೈಯಲ್ಲಿ ಅರಿವೆ. ಬೆಳಿಗ್ಗೆಯಿಂದ ಬಂದದ್ದನ್ನು ಬಂದ ಹಾಗೆ ಒರೆಸಿದ್ದ. ಹತ್ತು ಗಂಟೆಗೆ ನಿವೃತ್ತ ಮಾಸ್ತರರೊಬ್ಬರು ಬಂದರು. ಬಿಳಿ ಧೋತರ, ಬಿಳಿ ಅಂಗಿ. ಮಗಳ ಮದುವೆಗೆ ಆರು ಗಾದಿ ಮಾಡಿಸುವುದಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟರು.

ದಾವಲ ಅವರ ಕಾಲು ಒರೆಸಿದ. ಧೋತರ ಒರೆಸಿದ. ಅವರು ಬಗ್ಗಿ "ಏ, ಏನಪಾ ಇದು?" ಎಂದರೆ ಮುಖವನ್ನೂ ಒರೆಸಿದ.

"ನಾ ಗಾದಿ ಮಾಡಸಾಕ ಬಂದೀನಿ," ಎಂದರು ಮಾಸ್ತರರು, ಕನ್ನಡಕದಿಂದ ನೊರೆ ಇಳಿಯುತ್ತಿತ್ತು. "ಜಳಕಾ ಮಾಡಾಕಲ್ಲ."

"ಒಂದನ್ನೂ ಬಿಡಬ್ಯಾಡ ಅಂದಾಳರೀ ನಮ್ಮವ್ವ."

ಆರು ಗಾದಿ ಹೋದವು. ಹುಸೇನವ್ವ ಹಣೆ ಬಡಿದುಕೊಂಡಳು. "ಬಾಗಲಕ್ಕ ಬಂದವರನ್ನ ಹಿಂಗ ಮಾಡತಾರೇನೋ? ಬಂದವರಿಗೆ ಬೆಲ್ಲ ಕೊಡಬೇಕು, ನೀರು ಕೊಡಬೇಕು. ಉಂಡು ಹೋಗ್ರಿ ಅನ್ನಬೇಕು. ನಾವು ತಿರಗೋ ಮಂದಿ ಖರೆ, ಮರ್ಯಾದಿ ಬಿಟ್ಟ ಮಂದಿ ಅಲ್ಲ."

"ಹೂಂ ಅವ್ವ, ಇನ್ನ ಹಂಗ ಮಾಡತೀನಿ."

ಎಂಟು ತುಂಬಿತು. ಒಂದು ಸೋಮವಾರ ಖಾಸಿಂಬಿಯ ಫೋನು ಬಂತು. "ಏನಾತು ಬೀಗಿತ್ತಿ? ದಿನಾ ತುಂಬಾಕತ್ತಾವ. ಇನ್ನೊಂದು ವಾರ ತಡದ್ರ ಇಲ್ಲೇ ಬಾಣಂತನ ಮಾಡತೀನಿ. ಇರುವಿ ಹೋದ್ವೋ ಇಲ್ಲೋ?"

ಹುಸೇನವ್ವನ ಕೈಯ ಮೇಲೆ ಆಗ ಒಂದು ಇರುವೆ ಹರಿಯುತ್ತಿತ್ತು. ಹಿಂದಿನ ಹಲಗೆಯ ಮೇಲೆ ಕೌದಿ ಹಾಸಿದ ಹಾಗೇ ಇತ್ತು.

"ಒಂದೂ ಇಲ್ಲ," ಎಂದಳು.

"ಹಂಗಾದ್ರ ಶುಕ್ರವಾರ ಬರತೀವಿ."

ಹೇಳಿಬಿಟ್ಟಳು. ಬಸ್ಸನ್ನು ಒಂದು ಕೆರೆಯ ದಂಡೆಗೆ ತಂದು ಹುಣಸೆಮರದ ಕೆಳಗೆ ನಿಲ್ಲಿಸಿದರು. ಮಂಗಳವಾರ ಬೇವಿನ ಸೊಪ್ಪು ಕುದಿಸಿ ಒರೆಸಿದಳು. ನಿಂಬೆ ಸಿಪ್ಪೆ ತಿಕ್ಕಿದಳು. ಸಂದಿಗಳಿಗೆ ಲವಂಗ ಇಟ್ಟಳು. ಇರುವೆಗಳು ಒಂದು ದಿನ ಮುನಿಸಿಕೊಂಡವು, ಬುಧವಾರ ಬಂದವು.

ಬುಧವಾರ ಹುಸೇನವ್ವ ದಾರ ತರಲು ಊರೊಳಗೆ ಹೋಗಿ ಬರುವಷ್ಟರಲ್ಲಿ ದಾವಲ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಮುಂದೆ ಕಲ್ಲಿನ ಮೇಲೆ ದೊಡ್ಡದೊಂದು ಬೆಲ್ಲದ ಹೆಂಟೆ. ಪಕ್ಕದಲ್ಲಿ ಡಬ್ಬಿಯ ಮುಚ್ಚಳದಲ್ಲಿ ನೀರು. ಬೆಲ್ಲ ಕಾಣಿಸುತ್ತಿರಲಿಲ್ಲ, ಅಷ್ಟು ಇರುವೆ.

"ಬಾಗಲಕ್ಕ ಬಂದಿದ್ದವು ಅವ್ವ. ಬೆಲ್ಲ ಕೊಟ್ಟೆ, ನೀರು ಕೊಟ್ಟೆ. ಉಂಡು ಹೋಗ್ರಿ ಅಂದೆ. ಉಣ್ಣಾಕತ್ತಾವ. ಹೋಗವಲ್ಲವು."

"ಬೆಲ್ಲ ಎಲ್ಲೀದೋ ಅದು?"

"ನಿನ್ನ ತಲಿದಿಂಬಿನಾಗಿಂದು."

ಹುಸೇನವ್ವ ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟಳು. ನಾಲ್ಕು ತಿಂಗಳಿನಿಂದ ಆ ಬೆಲ್ಲ ದಿಂಬಿನ ಅರಳೆಯೊಳಗೆ ಇತ್ತು. ಮಗಳಿಗೆ ಅಂಟಿನುಂಡೆ ಕಟ್ಟಲೆಂದು ಕೊಂಡದ್ದು. ನಿದ್ದೆ ಬಾರದ ಹೊತ್ತಿನಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರೆ, ಮಗಳಿಗೆ ಉಣ್ಣಿಸಿದ ಹಾಗೆ ಅನ್ನಿಸುತ್ತಿತ್ತು. ಇರುವೆ ಯಾವ ಹಿತ್ತಲಿನಿಂದಲೂ ತಾನಾಗಿ ಬಂದಿರಲಿಲ್ಲ. ಅವಳೇ ಕರೆದು, ತಲೆಯ ಕೆಳಗೆ ಇಟ್ಟುಕೊಂಡು ಮಲಗಿದ್ದಳು.

ಬೈಗುಳದ ದನಿ ತಗ್ಗಿತು. "ತಪ್ಪು ನಂದೋ. ಇರುವಿ ಬರಬಾರದು ಅಂದ್ರ ಅದನ್ನ ನೀರಿನ ನಡಬರಕ ಇಡಬೇಕಾಗಿತ್ತು. ಸುತ್ತೂ ನೀರಿದ್ರ ಇರುವಿ ಬರೂದಿಲ್ಲ, ಈಸಾಕ ಬರೂದಿಲ್ಲ ಅವಕ್ಕ."

"ಯಾವುದನ್ನ ಅವ್ವ?"

"ಯಾವುದಾದ್ರೂ ಆಗಲಿ. ಇರುವಿ ಬರಬಾರದು ಅನ್ನೂದನ್ನ."

ದಾವಲ ಬಸ್ಸಿನ ಹಿಂದಿನ ಕಿಟಕಿಯ ಕಡೆ ನೋಡಿದ. "ಅಕ್ಕ ಮಲಗೋ ಜಾಗಕ್ಕ ಇರುವಿ ಬರಬಾರದು. ಹೌದಲ್ಲ?"

"ಹೌದಪಾ. ಅದೊಂದ ನಾ ಬೇಡಿದ್ದು."

"ಹೂಂ ಅವ್ವ, ಹಂಗ ಮಾಡತೀನಿ."

ಗುರುವಾರ ಹುಸೇನವ್ವ ಹೊಸ ಬೆಲ್ಲ, ಅಂಟು, ಕೊಬ್ಬರಿ ತರಲು ಸಂತೆಗೆ ಹೋದಳು. ಇರುವೆ ಕಂಡರೆ ಬೀಗಿತ್ತಿ ಮಗಳನ್ನು ಇಳಿಸುವುದಿಲ್ಲ, ಗೊತ್ತಿತ್ತು. ಅಂಟಿನುಂಡೆಯ ಗಂಟನ್ನಾದರೂ ಮಗಳ ಕೈಗೆ ಕೊಟ್ಟು ಕಳಿಸೋಣ ಎಂದುಕೊಂಡಳು. ಇಳಿಹೊತ್ತಿಗೆ ತಿರುಗಿ ಬಂದಾಗ ಹುಣಸೆಮರದ ಕೆಳಗೆ ಬಸ್ಸಿರಲಿಲ್ಲ. ಬೆಲ್ಲದ ಹೆಂಟೆ ಇತ್ತು, ಊರಿನ ಇರುವೆಯೆಲ್ಲ ಅದರ ಮೇಲಿತ್ತು. ಅಲ್ಲಿಂದ ಗಾಲಿಯ ಎರಡು ಗುರುತು ನೆಟ್ಟಗೆ ಕೆರೆಯೊಳಗೆ ಇಳಿದಿದ್ದವು.

ಕೆರೆಯ ನಡುವೆ ಬಸ್ಸು ನಿಂತಿತ್ತು. ಗಾಲಿ ಮುಳುಗಿದ್ದವು, ಮೈ ನೀರಿನ ಮೇಲಿತ್ತು. ಬಾಗಿಲಲ್ಲಿ ದಾವಲ ಕೂತಿದ್ದ.

ಅವನು ಒಂದು ಬೈಗುಳವನ್ನೂ ಮರೆತಿರಲಿಲ್ಲ. ಗಾಡಿಯೊಳಗಿನದನ್ನೆಲ್ಲ ಹೊರಗೆ ತೆಗೆದು, ಕೊಡವಿ, ಇದ್ದ ಹಾಗೇ ತಿರುಗಿ ಇಟ್ಟಿದ್ದ. ಮೂಲೆ ಮೂಲೆಯನ್ನೂ ಸಾಬೂನಿನ ನೀರಿನಿಂದ ಒರೆಸಿದ್ದ. ಡಬ್ಬಿಯ ತಳದಲ್ಲಿ ಉಳಿದಿದ್ದ ಅರಿಷಿಣವನ್ನು ಹೊಸ್ತಿಲಿಗೆ ಎಳೆದಿದ್ದ. ಇರುವೆಗಳೆಲ್ಲ ದಂಡೆಯ ಮೇಲೆ ಉಣ್ಣುತ್ತಿದ್ದಾಗ, ಅವಕ್ಕೆ ಹೇಳದೆ ಗಾಡಿ ತಂದು ನೀರಿನ ನಡುವೆ ಇಟ್ಟಿದ್ದ.

"ತಿರಗಿ ತಗೊಂಡು ಬಾರೋ," ಎಂದು ಕೂಗಿದಳು ಹುಸೇನವ್ವ.

"ಬರವಲ್ಲದು ಅವ್ವ. ಗಾಲಿ ಹುದಲಾಗ, ಕೆಸರಾಗ ಸಿಕ್ಕೈತಿ."

ಶುಕ್ರವಾರ ಬೆಳಿಗ್ಗೆ ಬಸ್ಸು ಎಳೆಯಲು ಹುಸೇನವ್ವ ಊರಿನ ಟ್ರ್ಯಾಕ್ಟರು ಕರೆತಂದಳು. ಹಗ್ಗ ಕಟ್ಟುವ ಮೊದಲೇ ದಂಡೆಗೆ ಜೀಪು ಬಂತು. ಖಾಸಿಂಬಿ ಇಳಿದಳು. ಅವಳ ಕೈ ಹಿಡಿದು, ತುಂಬಿದ ಹೊಟ್ಟೆ ಹೊತ್ತು ಮಾಬೂಬಿ ಇಳಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಇದೇನು ಬೀಗಿತ್ತಿ, ಮನಿ ಕೆರ್ಯಾಗ?"

ಕೆರೆಯೊಳಗಿನಿಂದ ದಾವಲ ಹೇಳಿದ: "ಇರುವಿಗೆ ಈಸಾಕ ಬರೂದಿಲ್ಲರೀ ಅತ್ತಿ."

ಖಾಸಿಂಬಿ ನಗಲಿಲ್ಲ. ಟ್ರ್ಯಾಕ್ಟರಿನವನಿಗೆ ಟ್ರೇಲರನ್ನು ಬಸ್ಸಿನ ಬಾಗಿಲಿಗೆ ತಾಗಿಸು ಎಂದಳು. ಮೂವರೂ ಹತ್ತಿ ಹೋದರು. ಒಳಗೆ ಹೋಗಿ ಅವಳು ಹುಡುಕಿದಳು. ಗಾದಿ ಎತ್ತಿದಳು, ದಿಂಬು ಬಿಚ್ಚಿದಳು, ಒಲೆಯ ಹಿಂದೆ ಕೈಯಾಡಿಸಿದಳು, ಕಿಟಕಿಯ ಸಂದಿಗೆ ಕಡ್ಡಿ ಹಾಕಿದಳು.

ಒಂದೂ ಇರಲಿಲ್ಲ.

"ನನ್ನ ಮಾತು ಅಂದ್ರ ಮಾತು," ಎಂದಳು ಖಾಸಿಂಬಿ. "ಕೂಡವ್ವ ಮಾಬೂಬಿ. ಇದು ನಿನ್ನ ತವರು."

ಮಾಬೂಬಿ ಗೋಡೆ ಹಿಡಿದು ಹಿಂದಕ್ಕೆ ನಡೆದಳು. ಕೌದಿಯ ಮೇಲೆ ಅಂಗೈ ಆಡಿಸಿದಳು. ಕಿಟಕಿಗೆ ತಲೆ ಆನಿಸಿ ಕೂತಳು. ಗಾಳಿಗೆ ಎದ್ದ ಅಲೆಗಳು ಬಸ್ಸಿನ ಮೈಗೆ ಬಡಿಯುತ್ತಿದ್ದವು. "ಅವ್ವಾ, ಅಲಗಾಡಿದಂಗ ಆಗತೈತಿ," ಎಂದು ಕಣ್ಣು ಮುಚ್ಚಿದಳು. ಹುಸೇನವ್ವ ಮಗಳ ಕಾಲ ಬಳಿ ಕೂತು ಸೆರಗಿನಿಂದ ಮುಖ ಒತ್ತಿಕೊಂಡಳು.

"ಅಳೂದ್ಯಾಕ, ಬಾಯಿ ಸಿಹಿ ಮಾಡೋಣು," ಎಂದು ಖಾಸಿಂಬಿ ತಾನು ತಂದ ಗಂಟು ಬಿಚ್ಚಿದಳು. ಶೇಂಗಾದ ಉಂಡೆ. ಒಂದು ಸೊಸೆಯ ಕೈಗೆ ಇಟ್ಟಳು, ಒಂದು ಬೀಗಿತ್ತಿಯ ಕೈಗೆ, ಒಂದು ತಾನೇ ಬಾಯಿಗೆ ಹಾಕಿಕೊಂಡಳು. ಮೂವರೂ ತಿಂದರು. ಪುಡಿ ಅರಳೆಯ ಮೇಲೆ ಉದುರಿತು. ಯಾರಿಗೂ ನೆನಪಾಗಲಿಲ್ಲ.

ಹುಸೇನವ್ವ ಮಗನ ಕಡೆ ಒಂದು ಉಂಡೆ ಚಾಚಿದಳು. "ತಗೋ ದಾವಲಾ, ತಿನ್ನು. ನೀನ ಕರಕೊಂಡು ಬಂದಿ ಅಕ್ಕನ್ನ."

ದಾವಲ ತಗೊಂಡ. ತಿನ್ನಲಿಲ್ಲ. "ಒಳಗ ಬ್ಯಾಡವ್ವ."

"ಇವತ್ತೊಂದು ದಿನ ನಡೀತೈತೋ."

"ಅಪ್ಪ ಬ್ಯಾಡ ಅಂದಾನ."

ಬಾಗಿಲಿಗೆ ಬಂದ. ಹೊಸ್ತಿಲ ಅರಿಷಿಣ ತುಳಿಯದೆ ದಾಟಿದ. ದಿನಾ ಇಳಿಯುವ ಹಾಗೆ ಎಡಗಾಲು ಮುಂದಿಟ್ಟು, ಸೊಂಟದ ತನಕ ನೀರಿಗೆ ಇಳಿದ. ಉಂಡೆಯನ್ನು ತಲೆಯ ಮೇಲೆ ಹಿಡಿದು ಬಸ್ಸನ್ನು ಸುತ್ತಿ ಹಿಂದಿನ ಎಡಗಡೆಗೆ ಬಂದ. ಅಲ್ಲಿ ನಿಂತು ನಿಧಾನವಾಗಿ ಪೂರ್ತಿ ತಿಂದ. ಬಾಯಿ ಮುಕ್ಕಳಿಸಿದ. ಕೆರೆಯಲ್ಲಿ ಕೈ ತೊಳೆದ. ಆಮೇಲೆ ನೀರಿಳಿಯುವ ಎರಡೂ ಅಂಗೈಗಳನ್ನು ಕಿಟಕಿಗೆ ತೋರಿಸುತ್ತ, ಒಳಗಿನ ದನಿಗಾಗಿ ಕಾಯುತ್ತ ನಿಂತ.