ಸಣ್ಣೀರಮ್ಮನಿಗೆ ಯಾವ ಕುಣಿತ

ನನ್ನಜ್ಜಿಯ ಅಜ್ಜಿಯೂ ಹುಟ್ಟಿರದ ಒಂದಾನೊಂದು ಕಾಲದಲ್ಲಿ, ಕಣಿವೆಕೋಟೆ ಅನ್ನೋ ಊರಲ್ಲಿ ಒಂದು ಕುಣಿತದ ಮನೆ ಇತ್ತಂತೆ. ಕಟ್ಟಿಸಿದೋಳು ಆ ಊರ ದೊರೆಸಾನಿ ತಿಮ್ಮಾಜಮ್ಮ. ಅಲ್ಲಿ ಸೇರಿದ ಮಕ್ಕಳಿಗೆ ಮೂರು ತಿಂಗಳಲ್ಲಿ ಮೂರು ಕುಣಿತ ಕಲಿಸಿ, ಆಮೇಲೆ ನಿಂಗ್ಯಾವುದು ಬೇಕು ಅಂತ ಕೇಳ್ತಿದ್ರಂತೆ. ಹೇಳಿದ ಮಗು ಅಲ್ಲೇ ಉಳೀತಿತ್ತು, ಹೇಳದ ಮಗು ಗಂಟು ಕಟ್ಕೊಂಡು ಮನೆಗೆ ಹೋಗಬೇಕಿತ್ತಂತೆ.

ಅಲ್ಲಿಗೆ ಸಣ್ಣೀರಮ್ಮ ಅಂತ ಎಂಟು ವರ್ಷದ ಹುಡುಗಿ ಬಂದಳಂತೆ. ಕಂಬಳಿ ನೇಯೋ ಬೊಮ್ಮಲಿಂಗನ ಮಗಳು. ಮಗ್ಗದ ಸದ್ದಿಗೇ ಹೆಜ್ಜೆ ಹಾಕ್ತಾಳಲ್ಲ ಅಂತ ಅವರಪ್ಪ ಎರಡು ಗುಡ್ಡ ಹತ್ತಿಳಿದು ತಂದು ಬಿಟ್ಟಿದ್ದನಂತೆ.

ಮೊದಲನೇ ತಿಂಗಳು ಪದ್ಮಾಂಬೆ ಅನ್ನೋ ಗುರುವಮ್ಮ ಭರತನಾಟ್ಯ ಹೇಳಿಕೊಟ್ಟಳು. ಮಂಡಿ ಬಗ್ಗಿಸು, ಬೆನ್ನು ನೆಟ್ಟಗಿರಲಿ, ಬೆರಳು ಅರಳಿದ್ರೆ ತಾವರೆ, ಬೆರಳು ಹೋದ ಕಡೆ ಕಣ್ಣು ಹೋಗಬೇಕು ಅಂದಳಂತೆ. ಸಣ್ಣೀರಮ್ಮನಿಗೆ ಇದೇ ಚೆಂದ ಅನ್ನಿಸ್ತು. ಆಮೇಲೆ ಎರಡನೇ ತಿಂಗಳು ತಿಪ್ಪಜ್ಜ ಕೋಲಾಟ ಕಲಿಸೋಕೆ ಬಂದು, ನಿನ್ನ ಬೆರಳು ನೋಡ್ಕೋಬೇಡ ಕಣವ್ವ, ಎದುರಿನವರ ಕೋಲು ನೋಡು ಅಂದನಂತೆ. ಇವಳು ತಾವರೆ ಅರಳಿಸೋಕೆ ಹೋಗಿ ಕೋಲು ಬಿತ್ತು, ಎದುರಿನವಳ ಏಟು ಗೆಣ್ಣಿಗೆ ಬಿತ್ತು. ಆದ್ರೂ ಎಂಟು ದಿನದಲ್ಲಿ ಇದೂ ಚೆಂದ ಅನ್ನಿಸ್ತಂತೆ. ಆಮೇಲೆ ಮೂರನೇ ತಿಂಗಳು ಡೊಳ್ಳುಕುಣಿತ ಕಲಿಸೋ ಕರಿಬೀರಪ್ಪ ಅವಳಿಗೆ ಅವಳಷ್ಟೇ ದಪ್ಪದ ಡೊಳ್ಳು ಕಟ್ಟಿ, ಬಡಿ, ಹಾರು, ನೆಲ ನಡುಗಲಿ ಅಂದ. ಇವಳು ಮಂಡಿ ಬಗ್ಗಿಸಿ, ಎದುರಿಂದ ಕೋಲು ಬರುತ್ತೆ ಅಂತ ಕಾಯ್ತಾ ನಿಂತಳಂತೆ. ಡೊಳ್ಳು ನಿನ್ನ ಹೊಟ್ಟೆ ಮೇಲಿದೆಯಲ್ಲವ್ವ, ಎದುರಿಗೆ ಏನು ಹುಡುಕ್ತೀಯ ಅಂತ ಅವನು ನಕ್ಕನಂತೆ.

ಅಷ್ಟು ಹೊತ್ತಿಗೆ ಮೂರೂ ಕಲಸುಮೇಲೋಗರ ಆಗಿತ್ತು. ಬಲಗಾಲು ಮುಂದೋ ಎಡಗಾಲು ಮುಂದೋ ತಿಳೀದೆ ಹೊಸಿಲ ಮೇಲೇ ನಿಂತುಬಿಡ್ತಿದ್ದಳಂತೆ. ಅಜ್ಜ, ನಂಗ್ಯಾವುದು ಒಗ್ಗುತ್ತೆ ಅಂತ ತಿಪ್ಪಜ್ಜನ್ನ ಕೇಳಿದ್ಲು. ನಾನು ಹೇಳಿದ್ರೆ ಅದು ನನ್ನ ಕುಣಿತ ಆಗುತ್ತೆ ಮಗಾ ಅಂದನಂತೆ.

ಕೇಳೋ ದಿನ ಬಂತು. ಹನ್ನೆರಡು ಮಕ್ಕಳು ದೊರೆಸಾನಿ ಮುಂದೆ ಸಾಲಾಗಿ ನಿಂತ್ರು. ಹನ್ನೊಂದು ಮಕ್ಕಳು ಪಟಪಟ ಅಂತ ಒಂದೊಂದು ಹೆಸರು ಹೇಳಿದ್ರು. ಇವಳಿಗೂ ಒಂದು ಹೆಸರು ನಾಲಿಗೆ ತುದಿಗೆ ಬಂತು, ಅಂದಿದ್ರೆ ಉಳೀತಿದ್ದಳು. ಆದ್ರೆ ಅನ್ನೋಕಾಗಲಿಲ್ಲವಂತೆ.

ನಂಗೆ ಗೊತ್ತಿಲ್ಲವ್ವ. ಒಂದು ಕುಣಿಯೋವಾಗ ಇನ್ನೆರಡರ ನೆನಪಾಗುತ್ತೆ.

ಹಂಗಂದ್ರೆ ಮನೆಗೆ ಹೋಗಬೇಕಾಗುತ್ತೆ, ತಿಳೀತಾ ಅಂದಳಂತೆ ದೊರೆಸಾನಿ.

ತಿಳೀತು. ಆದ್ರೂ ಗೊತ್ತಿಲ್ಲ.

ಅಷ್ಟಂದು ಅಳು ನುಂಗ್ಕೊಂಡು ಗಂಟು ಎತ್ಕೊಂಡಳು. ಆಗ ಡೊಳ್ಳು ಬೇಕು ಅಂದಿದ್ದ ಮೈಲಾರಿ ಅನ್ನೋ ಹುಡುಗ ಮೆಲ್ಲಗೆ ಮುಂದೆ ಬಂದು, ನಂಗೂ ಗೊತ್ತಿಲ್ಲ ತಾಯಿ, ಮನೆಗೆ ಕಳಿಸ್ತೀರಿ ಅಂತ ಏನೋ ಒಂದು ಅಂದೆ ಅಂದನಂತೆ. ಆಮೇಲೆ ಇನ್ನೊಬ್ಬಳು, ಆಮೇಲೆ ಇನ್ನೊಬ್ಬ, ಒಂಬತ್ತು ಜನ ಹಂಗೇ ಅಂದ್ರಂತೆ. ದೊರೆಸಾನಿ ತಬ್ಬಿಬ್ಬಾಗಿ ಗುರುಗಳ ಕಡೆ ತಿರುಗಿದ್ರೆ, ಪದ್ಮಾಂಬೆ ತಲೆ ತಗ್ಗಿಸಿ, ಚಿಕ್ಕಂದಿನಲ್ಲಿ ನಾನೂ ಹೆದರಿಕೇಲೇ ಆರಿಸಿದ್ದು ತಾಯಿ ಅಂದಳಂತೆ.

ಆ ದಿನದಿಂದ ಆರಿಸೋಕೆ ಕೊಡೋ ಗಡುವು ಮೂರು ತಿಂಗಳು ಹೋಗಿ ಮೂರು ವರ್ಷ ಆಯ್ತು. ಯಾರನ್ನೂ ಮನೆಗೆ ಕಳಿಸಲಿಲ್ಲ. ಹನ್ನೊಂದನೇ ವಯಸ್ಸಿಗೆ ಸಣ್ಣೀರಮ್ಮ ತಾನೇ ಹೋಗಿ ಡೊಳ್ಳು ಕಟ್ಕೊಂಡು, ಇದೇ ನಂದು ಅಂದಳಂತೆ. ಇನ್ನು ಪದ್ಮಾಂಬೆ, ತಲೆ ನರೆತ ಮೇಲೆ, ಸಂಜೆ ಹೊತ್ತು ಮಕ್ಕಳ ಸಾಲಲ್ಲಿ ನಿಂತು ಕೋಲು ಹಾಕೋದು ಕಲಿತಳಂತೆ.

ಅವರು ಅಲ್ಲಿ ಕುಣೀತಾ ಸುಖವಾಗಿದ್ರು, ನಾವಿಲ್ಲಿ ಹೊದ್ಕೊಂಡು ಬೆಚ್ಚಗಿದ್ದೀವಿ. ಕತೆ ಮುಗೀತು, ಕಾಲು ನೀಡಿ ಮಲಗವ್ವ.